ವಿಚಾರಿಸುವುದು ಅಪನಂಬಿಕೆಯೇ?

ಮುಂಬಯಿಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಊರ ಕಡೆಯ ಹೆಣ್ಣು ಗೊತ್ತಾಗುವ ಮುನ್ನ, ಹೆಣ್ಣಿನ ತಂದೆಯಿಂದ ಜೋಗೇಶ್ವರಿಯ ಯಾರಾದರೊಬ್ಬ ಪರಿಚಿತರಿಗೆ ಕಾಗದ ಬರುತ್ತಿದ್ದ ಕಾಲವೊಂದಿತ್ತು. “ಹುಡುಗ ಹೇಳಿದ ಕಚೇರಿಯಲ್ಲೇ ಇದ್ದಾನೆಯೇ, ನಡತೆ ಹೇಗೆ, ವಿಚಾರಿಸಿ ತಿಳಿಸಿ” ಎಂಬಷ್ಟೇ ಒಕ್ಕಣೆ. ಕಾಗದ ತಲುಪಿದವರು ರಜೆಯ ದಿನ ಚಾಳಿನ ನೆರೆಯವರನ್ನೋ, ಹೋಟೆಲಿನ ಗಲ್ಲಾದಲ್ಲಿ ಕುಳಿತವರನ್ನೋ ಮಾತನಾಡಿಸಿ ಉತ್ತರ ಬರೆಯುತ್ತಿದ್ದರು. ಅದನ್ನು ಯಾರೂ ಅವಮಾನವೆಂದು ಬಗೆಯುತ್ತಿರಲಿಲ್ಲ.

ಇಂದು ನಮ್ಮ ಮಕ್ಕಳು ಸಂಗಾತಿಯನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ಅದು ತಪ್ಪಲ್ಲ; ನೆಂಟರಿಷ್ಟರು ದೂರವಾದ ಈ ಊರಿನಲ್ಲಿ ಅದೂ ಒಂದು ದಾರಿ. ಆದರೆ “ಒಮ್ಮೆ ವಿಚಾರಿಸೋಣ” ಎಂದರೆ, “ನಂಬಿಕೆಯಿಲ್ಲದ ಮೇಲೆ ಪ್ರೀತಿ ಎಂಥದ್ದು?” ಎಂಬ ಉತ್ತರ ಬರುತ್ತದೆ. ಪ್ರಶ್ನೆ ಸಣ್ಣದಲ್ಲ. ವಿಚಾರಿಸುವುದು ನಂಬಿಕೆಗೆ ವಿರೋಧವೇ?

2023ರ ಜುಲೈ ತಿಂಗಳಲ್ಲಿ ಮೈಸೂರು ಪೊಲೀಸರು ಒಬ್ಬಾತನನ್ನು ಬಂಧಿಸಿದರು. ವಧೂವರರ ಜಾಲತಾಣಗಳಲ್ಲಿ ಡಾಕ್ಟರೆಂದೂ ಇಂಜಿನಿಯರೆಂದೂ ಹೇಳಿಕೊಂಡು 15 ಮಂದಿಯನ್ನು ಮದುವೆಯಾಗಿದ್ದನೆಂಬುದು ಅವನ ಮೇಲಿನ ಆರೋಪ. ಆ ಹೆಂಗಸರಲ್ಲಿ ಕಲಿತು ಉದ್ಯೋಗದಲ್ಲಿದ್ದವರೂ ಇದ್ದರು. ಹೆಚ್ಚಿನವರು ಮಾನಕ್ಕೆ ಅಂಜಿ ದೂರು ಕೊಟ್ಟಿರಲಿಲ್ಲವೆಂದು ಪತ್ರಿಕೆಗಳಲ್ಲಿ ಓದಿದ್ದೇವೆ.

ಇನ್ನೊಂದು ಬಗೆಯ ವಂಚಕ ಮುಖವನ್ನೇ ತೋರಿಸುವುದಿಲ್ಲ. ವಿದೇಶದಲ್ಲಿ ಡಾಕ್ಟರೆಂದೋ ಹಡಗಿನ ಕಪ್ತಾನನೆಂದೋ ಹೇಳಿಕೊಂಡು ವಾರಗಟ್ಟಲೆ ಸವಿಮಾತು ಬರೆಯುತ್ತಾನೆ. ವಿಡಿಯೋ ಕರೆಗೆ ಮಾತ್ರ ಏನಾದರೊಂದು ನೆಪ. ಕೊನೆಗೆ ಉಡುಗೊರೆಯ ಪಾರ್ಸೆಲ್ ಕಳಿಸಿದ್ದೇನೆ ಎನ್ನುತ್ತಾನೆ. ಎರಡು ದಿನದಲ್ಲಿ ಕಸ್ಟಮ್ಸಿನವರೆಂದು ಯಾರದೋ ಫೋನು: ಸುಂಕ ಕಟ್ಟಿ, ಇಲ್ಲವಾದರೆ ಕೇಸು. ಸರಕಾರಿ ಗುಮಾಸ್ತನಾದ ನನಗೆ ಇಲ್ಲಿ ಒಂದು ಮಾತು ಖಂಡಿತವಾಗಿ ಗೊತ್ತು. ಸರಕಾರದ ಸುಂಕ ಯಾವ ವ್ಯಕ್ತಿಯ ಖಾಸಗಿ ಖಾತೆಗೂ ಹೋಗುವುದಿಲ್ಲ. 2019ರ ನವೆಂಬರಿನಿಂದ ಆ ಇಲಾಖೆಯ ಪತ್ರಗಳಿಗೆ ಜಾಲತಾಣದಲ್ಲಿ ತಾಳೆ ನೋಡಬಹುದಾದ ಸಂಖ್ಯೆಯನ್ನೂ ಕೊಡಲಾಗುತ್ತಿದೆ.

ಈ ಇಬ್ಬರು ವಂಚಕರೂ ಬೇಡುವುದು ಅವಸರವನ್ನು ಮತ್ತು ಗುಟ್ಟನ್ನು. “ಮನೆಯಲ್ಲಿ ಈಗಲೇ ಹೇಳಬೇಡ” ಎಂಬುದು ಅವರ ಮೊದಲ ಪಾಠ. ಪ್ರೀತಿಗೆ ಏಕಾಂತ ಬೇಕು, ನಿಜ. ಆದರೆ ಏಕಾಂತ ಬೇರೆ, ಗುಟ್ಟು ಬೇರೆ. ಏಕಾಂತದಲ್ಲಿ ಇಬ್ಬರಿಗೂ ಪರಸ್ಪರರ ಮನೆಮಠ ತಿಳಿದಿರುತ್ತದೆ. ಗುಟ್ಟಿನಲ್ಲಿ ಒಬ್ಬರದು ಮಾತ್ರ ಬಯಲಾಗಿರುತ್ತದೆ. ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಅದ್ದಿದರೆ ದ್ರಾವಣಕ್ಕೆ ಅವಮಾನವಾಗುವುದಿಲ್ಲ. ಹಾಗೆಯೇ ನಿಜವಾದ ಡಾಕ್ಟರನಿಗೆ ತನ್ನ ಆಸ್ಪತ್ರೆಯ ಹೆಸರು ಹೇಳಲು ಕಷ್ಟವೇನು? ಒಂದು ಪ್ರಶ್ನೆಯನ್ನು ತಾಳಲಾರದ್ದು ನಂಬಿಕೆಯಲ್ಲ, ಬರಿಯ ಆಸೆ.

ಹಾಗೆಂದು ಹಿರಿಯರು ಮಕ್ಕಳಿಗಷ್ಟೇ ಬುದ್ಧಿ ಹೇಳಿದರೆ ಸಾಲದು. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಎಂಬ ಗಾದೆ ನಮ್ಮದೇ. ಮಗನ ಸಂಬಳಕ್ಕೆ ಹತ್ತು ಸಾವಿರ ಸೇರಿಸುವುದು, ಮಗಳ ವಯಸ್ಸಿನಲ್ಲಿ ಎರಡು ವರ್ಷ ಇಳಿಸುವುದು ನಮ್ಮಲ್ಲಿ ನಗುವ ವಿಷಯ. ವಂಚಕನ ಸುಳ್ಳಿಗೂ ಇದಕ್ಕೂ ಅಳತೆಯಲ್ಲಿ ಬಹಳ ಅಂತರ, ಒಪ್ಪೋಣ. ಆದರೆ ಎದುರಿನವರು ನಿಜ ತಿಳಿದು ಆರಿಸಿಕೊಳ್ಳುವ ಹಕ್ಕನ್ನು ಎರಡೂ ಕಸಿಯುತ್ತವೆ. ವಿಚಾರಿಸುವ ಅಧಿಕಾರ ಬೇಕಾದವರು ವಿಚಾರಣೆಗೆ ಸಿದ್ಧರೂ ಇರಬೇಕು.

ಕೊನೆಯದಾಗಿ, ಮೋಸಹೋದವರ ಮಾತು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತ ಗುರುತಿಸದೆ ನಿರಾಕರಿಸಿದಾಗ, ರಹಸ್ಯದ ಸಂಬಂಧವನ್ನು ಪರೀಕ್ಷಿಸಿಯೇ ಬೆಳೆಸಬೇಕೆಂದು ಶಾರ್ಙ್ಗರವ ಶಕುಂತಲೆಗೆ ಉಪದೇಶಿಸುತ್ತಾನೆ. ಮಾತು ಸರಿ, ಹೊತ್ತು ತಪ್ಪು. ಆಶ್ರಯ ಕಳೆದುಕೊಂಡು ನಿಂತವಳಿಗೆ ಬೇಕಾದದ್ದು ಉಪದೇಶವಲ್ಲ. ಇಂದು ವಂಚನೆಯ ಹಣ ಹೋದ ಕೂಡಲೇ 1930ಕ್ಕೆ ಫೋನು ಮಾಡಿದರೆ ಅದನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆಯಿದೆ. ತಡವಾದಷ್ಟೂ ಆಸೆ ಕಡಿಮೆ. ಕಂಪ್ಯೂಟರು, ಮೊಬೈಲುಗಳ ಮೂಲಕ ಬೇರೊಬ್ಬನಂತೆ ನಟಿಸಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ 3 ವರ್ಷದವರೆಗೆ ಸಜೆಯಿದೆ. ಆದರೆ ಮನೆಯಲ್ಲಿ ಬೈಗುಳ, ಸಂಘದ ಸಮಾರಂಭಗಳಲ್ಲಿ ಪಿಸುಮಾತು ಕಾದಿದೆಯೆಂದು ಗೊತ್ತಿದ್ದರೆ, ಮಗಳಾಗಲಿ ಮಗನಾಗಲಿ ಆ ಫೋನನ್ನು ಮಾಡುವುದೇ ಇಲ್ಲ. ವಂಚಕ ಬದುಕುವುದು ಈ ಮೌನದ ಮೇಲೆ. ಮಕ್ಕಳನ್ನು ವಿಚಾರಿಸಲು ಹೇಳುವ ನಾವು, ಅವರು ಸೋತು ಬಂದಾಗ ವಿಚಾರಣೆಗೆ ಕೂರದೆ ಮೊದಲು ಒಂದು ಲೋಟ ನೀರು ಕೊಟ್ಟು ಮಾತು ಕೇಳಬೇಕು.