ಅಡ್ಡ ಕೆಡಹಿದ ಮರದ ಪಾಪಪುಣ್ಯ

ಆತ್ಮರಕ್ಷಣೆಗೆಂದು ಬೇಲಿ ಹಾಕುವವನಿಗೂ ಪರರ ಮೇಲೆ ಈಟಿ ಎಸೆಯುವವನಿಗೂ ಧರ್ಮದ ದೃಷ್ಟಿಯಲ್ಲಿ ಭೇದವಿಲ್ಲ, ಇಬ್ಬರೂ ಬಲವನ್ನೇ ನೆಚ್ಚಿದವರು ಎಂಬ ಮಾತನ್ನು ಶಾಂತಿಪ್ರಿಯರಾದ ಸಜ್ಜನರ ಬಾಯಲ್ಲಿ ಕೇಳಿದಾಗಲೆಲ್ಲ ನನಗೆ ಅಸಹನೆ ಉಂಟಾಗುತ್ತದೆ. ಮಾತು ಕಿವಿಗೆ ಉದಾತ್ತವಾಗಿದೆ, ಆಡುವುದಕ್ಕೆ ಖರ್ಚೂ ಇಲ್ಲ. ಆಡುವವರ ಮನೆಯ ಸುತ್ತ ಬಹುಮಟ್ಟಿಗೆ ಗಟ್ಟಿಯಾದ ಕಾಂಪೌಂಡು ಗೋಡೆಯಿರುತ್ತದೆಂಬುದು ಬೇರೆಯ ವಿಚಾರ. ಆದರೆ ಈ ಅಭಿಪ್ರಾಯಕ್ಕೆ ನಮ್ಮ ಕಾಲದಲ್ಲಿ ಗೌರವವನ್ನು ತಂದುಕೊಟ್ಟವನು ಟಾಲ್‌ಸ್ಟಾಯ್. ಆದುದರಿಂದ ಶಿಷ್ಯರನ್ನು ಬಿಟ್ಟು ಗುರುವಿನೊಡನೆಯೇ ಜಗಳಕ್ಕೆ ನಿಲ್ಲುವುದು ಮರ್ಯಾದೆ.

ನಮ್ಮ ಪ್ರಾಚೀನ ನೀತಿಕಾರರಿಂದ ಈ ಜಗಳಕ್ಕೆ ಹೆಚ್ಚಿನ ನೆರವು ದೊರೆಯದು. ಕೌಟಿಲ್ಯನು ವನದುರ್ಗವನ್ನೂ ಮನುವು ವೃಕ್ಷದುರ್ಗವನ್ನೂ ಇತರ ದುರ್ಗಗಳ ಸಾಲಿನಲ್ಲಿ ಎಣಿಸಿ, ಅರಸನಿಗೆ ಯಾವುದು ಅನುಕೂಲವೆಂಬುದನ್ನು ಹೇಳಿ ಮುಗಿಸುತ್ತಾರೆ. ಅನುಕೂಲವಾದದ್ದು ನ್ಯಾಯವೂ ಹೌದೆ ಎಂಬ ಪ್ರಶ್ನೆ ಆ ಪಟ್ಟಿಗಳಲ್ಲಿ ಏಳುವುದೇ ಇಲ್ಲ. ಅವರಿಗೆ ಕೈಮುಗಿದು ಮುಂದೆ ಹೋಗುತ್ತೇನೆ.

ಟಾಲ್‌ಸ್ಟಾಯ್ ಹುಟ್ಟಿದ, ಬಾಳಿನ ಬಹುಭಾಗವನ್ನು ಕಳೆದ ಯಾಸ್ನಾಯಾ ಪೋಲ್ಯಾನಾ ಇರುವುದು ರಷ್ಯಾದ ತೂಲಾ ಪಟ್ಟಣದ ಹತ್ತಿರ, ಜಾಸೇಕ ಎಂದು ಹೆಸರಾದ ಒಂದು ಹಳೆಯ ಕಾಡಿನ ಮಗ್ಗುಲಲ್ಲಿ. ಆ ಕಾಡು ಒಂದು ಕಾಲದಲ್ಲಿ ರಾಜ್ಯದ ಗೋಡೆಯಾಗಿತ್ತು. ಕ್ರೈಮಿಯಾದ ತಾತಾರ ಕುದುರೆಸವಾರರು ದಕ್ಷಿಣದ ಹುಲ್ಲುಗಾವಲುಗಳಿಂದ ನುಗ್ಗಿ ಬಂದು, ಹಳ್ಳಿಗಳನ್ನು ಸುಟ್ಟು, ಜನರನ್ನು ಗುಲಾಮರನ್ನಾಗಿ ಮಾರುವುದಕ್ಕೆ ಹಿಡಿದೊಯ್ಯುತ್ತಿದ್ದ ಕಾಲದಲ್ಲಿ, ನಾಲ್ಕನೆಯ ಇವಾನನ ಆಳ್ವಿಕೆಯಲ್ಲಿ, ಅಲ್ಲಿಯ ಜನ ಕಾಡಿನ ಉದ್ದಕ್ಕೂ ಮರಗಳನ್ನು ಆಳೆತ್ತರದಲ್ಲಿ ಕಡಿದು, ಬುಡದ ಮೋಟಿನಿಂದ ಕಾಂಡ ಪೂರ್ತಿಯಾಗಿ ಬೇರ್ಪಡದಂತೆ, ತಲೆ ದಕ್ಷಿಣಕ್ಕೆ ಬರುವ ಹಾಗೆ ಕೆಡಹುತ್ತಿದ್ದರು. ಒಂದರ ಮೇಲೊಂದು ಬಿದ್ದ ಮರಗಳ ಕೊಂಬೆಗಳು ಹೆಣೆದುಕೊಂಡು ಶತ್ರುವಿನ ಕಡೆಗೆ ಚಾಚಿ ನಿಂತರೆ, ಕುದುರೆ ಹಾರಲಾರದು, ಸವಾರ ನುಸುಳಲಾರ, ಎಳೆದು ಹಾಕೋಣವೆಂದರೆ ಕಾಂಡ ಮೋಟನ್ನು ಬಿಡದು. ಈ ರೇಖೆ 1566ರ ಹೊತ್ತಿಗೆ ಸಿದ್ಧವಾಯಿತು. ಕಾವಲಿನ ಆ ಕಾಡಿನಲ್ಲಿ ಪ್ರಜೆಗಳು ಕೊಡಲಿ ಹಾಕಕೂಡದೆಂಬ ನಿಷೇಧವಿದ್ದುದರಿಂದಲೇ ಅಲ್ಲಿ ಇಂದಿಗೂ ಕಾಡು ಉಳಿದಿದೆಯೆಂಬುದು ಈ ಕಥೆಯ ಒಂದು ವಿನೋದ.

ಟಾಲ್‌ಸ್ಟಾಯನ ವಾದ ಹೀಗೆ: ಯಾವುದು ಕೆಡುಕು ಎಂಬುದರಲ್ಲಿಯೇ ಮನುಷ್ಯರಿಗೆ ಒಮ್ಮತವಿಲ್ಲದಿರುವಾಗ ಕೆಡುಕನ್ನು ಬಲದಿಂದ ಎದುರಿಸುವ ಅಧಿಕಾರ ಯಾರಿಗೂ ಇರಲಾರದು, ಅದಲ್ಲದೆ, ಮಗುವಿನ ಮೇಲೆ ಕತ್ತಿಯೆತ್ತಿದ ದರೋಡೆಗಾರ ಅದನ್ನು ಕೊಂದೇ ತೀರುತ್ತಾನೆಂದು ನಾನು ಅರಿಯೆ, ನಾನು ಅವನನ್ನು ಕೊಂದರೆ ಮಾತ್ರ ಆ ಕೊಲೆ ನಿಶ್ಚಿತ. ಇದರಲ್ಲಿ ಬಲವುಂಟು, ಗಾಂಧಿಯವರಂಥವರನ್ನು ಸೆಳೆದುಕೊಂಡ ಬಲ. ಆದರೆ ವಾದವೆಲ್ಲ ನಿಂತಿರುವುದು ನನ್ನ ಹಿಂಸೆ ನಿಶ್ಚಿತ, ಅವನ ಹಿಂಸೆ ಅನಿಶ್ಚಿತ ಎಂಬ ಒಂದೇ ಕಂಬದ ಮೇಲೆ. ಕೆಡಹಿದ ಮರ ಆ ಕಂಬವನ್ನೇ ಅಲುಗಿಸುತ್ತದೆ. ಅದು ಯಾರನ್ನೂ ಅಟ್ಟಿಕೊಂಡು ಹೋಗುವುದಿಲ್ಲ. ಬಂದವನು ಹಿಂದಿರುಗಿದರೆ ಅವನಿಗಾಗಲಿ ಅವನ ಕುದುರೆಗಾಗಲಿ ಒಂದು ಗೀರೂ ಆಗದು. ಗಾಯವಾಗಬೇಕಾದರೆ ಅವನ ಸಂಕಲ್ಪವೂ ಅದಕ್ಕೆ ಕೂಡಿಬರಬೇಕು. ಕೆನ್ನೆ ತೋರುವುದಕ್ಕೂ ಕೈಯೆತ್ತುವುದಕ್ಕೂ ನಡುವೆ ಹೀಗೊಂದು ಸ್ಥಾನ ಉಂಟೆಂಬುದಕ್ಕೆ ಟಾಲ್‌ಸ್ಟಾಯನ ಸಿದ್ಧಾಂತದಲ್ಲಿ ಎಡೆಯಿಲ್ಲ.

ಮಲೆನಾಡಿನ ನಮ್ಮ ಮನೆಯ ಅಡಕೆ ತೋಟಕ್ಕೆ ಅಗಳೂ ಅದರ ದಂಡೆಯ ಮೇಲೆ ಬಿದಿರುಮುಳ್ಳಿನ ಬೇಲಿಯೂ ಇದ್ದುವು. ಅದೇ ತೋಟದ ಮೇಲ್ಗಡೆಯ ಗದ್ದೆಯ ಅಂಚಿನಲ್ಲಿ ಕಾಡುಹಂದಿಗಳಿಗಾಗಿ ಯಾರೋ ಗುಂಡಿ ತೋಡಿ, ಮೇಲೆ ಗಳು ಹರಡಿ ದರಗು ಮುಚ್ಚಿದ್ದರು. ಬೇಲಿಯ ಹತ್ತಿರ ಹೋಗಬೇಡವೆಂದು ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ. ಗುಂಡಿಯ ವಿಚಾರವಾಗಿ ಮಾತ್ರ ಹಗಲೂ ಇರುಳೂ ಎಚ್ಚರಿಸುತ್ತಿದ್ದರು. ಮುಳ್ಳು ತನ್ನ ಮಾತನ್ನು ತಾನೇ ಆಡುತ್ತದೆ, ಗುಂಡಿ ಸುಳ್ಳು ಹೇಳುತ್ತದೆ. ಎದುರಾಳಿಯನ್ನು ವಿವೇಕವುಳ್ಳವನೆಂದು ನಂಬಿ ಮಾಡುವ ತಡೆ ಒಂದು ಬಗೆ, ಅವನ ವಿವೇಕವನ್ನು ವಂಚಿಸುವ ತಡೆ ಇನ್ನೊಂದು ಬಗೆ. ಎರಡನ್ನೂ ಹಿಂಸೆಯೆಂಬ ಒಂದೇ ಮೂಟೆಯಲ್ಲಿ ಕಟ್ಟುವುದು ವಿಚಾರದ ಸೋಮಾರಿತನ.

ಇಷ್ಟಕ್ಕೆ ನಿಲ್ಲಿಸಬಹುದಾಗಿದ್ದರೆ ನನಗೆ ಸುಖವಾಗುತ್ತಿತ್ತು. ಕರಿಯೋನ್ ಕೋಟೆಯ ವೃತ್ತಾಂತ ಅದಕ್ಕೆ ಅವಕಾಶ ಕೊಡುವುದಿಲ್ಲ. 1758ರ ಜುಲೈ 8ರಂದು, ಉತ್ತರ ಅಮೆರಿಕದ ಶಾಂಪ್ಲೇನ್ ಸರೋವರದ ದಡದಲ್ಲಿ, ಮೊಂಕಾಲ್ಮನ ಸುಮಾರು 3,600 ಫ್ರೆಂಚರ ಮೇಲೆ ಅಬರ್‌ಕ್ರಾಂಬಿಯ ಸುಮಾರು 16,000 ಮಂದಿಯ ಬ್ರಿಟಿಷ್ ಸೈನ್ಯ ಏರಿ ಬಂತು. ಫ್ರೆಂಚರು ಅವಸರದಿಂದ ಮರ ಕಡಿದು, ದಿಮ್ಮಿಗಳ ಗೋಡೆ ಕಟ್ಟಿ, ಅದರ ಮುಂದೆ ಚೂಪು ಮಾಡಿದ ಕೊಂಬೆಗಳ ಒಂದು ಪೊದೆಪಟ್ಟಿಯನ್ನೇ ಹಾಸಿದ್ದರು. ಬ್ರಿಟಿಷ್ ಸೇನಾಪತಿ ಫಿರಂಗಿಗಳನ್ನು ಮುಂದಕ್ಕೆ ತರಿಸದೆ ಕಾಲಾಳುಗಳನ್ನೇ ಮತ್ತೆ ಮತ್ತೆ ನುಗ್ಗಿಸಿದ. ಅವರು ಕೊಂಬೆಗಳಲ್ಲಿ ಸಿಕ್ಕಿಕೊಂಡು ಮುಂದೆಯೂ ಹಿಂದೆಯೂ ಸರಿಯಲಾರದೆ ಒದ್ದಾಡುತ್ತಿರಲು, ದಿಮ್ಮಿಗಳ ಹಿಂದಿನ ಬಂದೂಕುಗಳು ಸಂಜೆಯವರೆಗೆ ತಮ್ಮ ಕೆಲಸ ಮಾಡಿದುವು. ಸತ್ತವರು ಗಾಯಗೊಂಡವರು ಕೂಡಿ ಬ್ರಿಟಿಷರ ಪಾಲಿಗೆ ಎರಡು ಸಾವಿರದ ಹತ್ತಿರ. ಸ್ಕಾಟ್‌ಲೆಂಡಿನ ಗುಡ್ಡಗಾಡಿನವರ ಒಂದು ದಳದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೀಗೆ ಹೋದರು. ಗುಂಡಿನ ಕಾವಲಿಲ್ಲದ ತಡೆ ತಡೆಯೇ ಅಲ್ಲವೆಂದು ಸೈನ್ಯದ ಇಂಜಿನಿಯರುಗಳು ಕಲಿಸುತ್ತಾರೆ. ರಷ್ಯನರ ರೇಖೆ ಸಿದ್ಧವಾದ ಐದೇ ವರ್ಷಕ್ಕೆ, 1571ರಲ್ಲಿ, ಕ್ರೈಮಿಯಾದ ದೇವ್ಲೆತ್ ಗಿರೇ ಖಾನನು ಕಾವಲಿನ ಸಡಿಲವನ್ನು ಕಂಡುಕೊಂಡು ಒಳನುಗ್ಗಿ ಮಾಸ್ಕೋ ನಗರವನ್ನೇ ಸುಟ್ಟುದು ಆ ಪಾಠದ ಇನ್ನೊಂದು ಮುಖ. ಹಾಗಾದರೆ ಮರಕ್ಕೆ ನಾನು ಕೊಟ್ಟ ನಿರಪರಾಧಿತ್ವ ಅದರ ಹಿಂದೆ ಕುಳಿತವನಿಗೆ ಸಲ್ಲುವುದಿಲ್ಲ. ಬಂದವನನ್ನು ಗುರಿಗೆ ಸರಿಯಾಗಿ ಹಿಡಿದು ನಿಲ್ಲಿಸುವುದೇ ಮರದ ಕೆಲಸ. ಇಷ್ಟನ್ನು ಟಾಲ್‌ಸ್ಟಾಯನಿಗೆ ಒಪ್ಪಿಸುತ್ತೇನೆ.

ಜಾಸೇಕದ ನೆರಳಿನಲ್ಲಿ ಸುಖವಾಗಿ ಕುಳಿತು ಅಪ್ರತಿಕಾರವನ್ನು ಬೋಧಿಸಿದನೆಂದು ಆತನನ್ನು ಹಂಗಿಸುವವರೊಡನೆಯೂ ನಾನು ಸೇರಲಾರೆ. ಕೊಡಲಿಯ ಯುದ್ಧವನ್ನು ಆತ ಕಣ್ಣಾರೆ ಕಂಡವನು. ಕಾಕಸಸ್ಸಿನಲ್ಲಿ ರಷ್ಯದ ಪಡೆಗಳು ಚೆಚೆನ್ನರ ಆಸರೆಯನ್ನು ತೆಗೆಯಲೆಂದು ಕಾಡನ್ನೇ ಕಡಿದು ಬಯಲು ಮಾಡುತ್ತಿದ್ದಾಗ ತರುಣ ಟಾಲ್‌ಸ್ಟಾಯ್ ಆ ಸೈನ್ಯದಲ್ಲಿದ್ದ. 1855ರಲ್ಲಿ ಅದನ್ನೇ ಒಂದು ಕಥೆಯಾಗಿಯೂ ಬರೆದ. ತೂಲಾದಲ್ಲಿ ಬಿದ್ದ ಮರ ಗೋಡೆ. ಚೆಚೆನ್ಯದಲ್ಲಿ ನಿಂತ ಮರವೇ ಗೋಡೆ, ಬಿದ್ದ ಮರ ದಂಡಯಾತ್ರೆಯ ದಾರಿ.

ನನ್ನನ್ನು ಇದಕ್ಕಿಂತಲೂ ಕಾಡುವುದು ಬೇಲಿಯ ಇನ್ನೊಂದು ಸ್ವಭಾವ. ತೂಲಾದ ರೇಖೆಯ ನಂತರ, 17ನೆಯ ಶತಮಾನದ ಮಧ್ಯದಲ್ಲಿ, ಅದಕ್ಕೆ ಬಹುದೂರ ದಕ್ಷಿಣದಲ್ಲಿ ಬೆಲ್ಗೊರೊದ್ ರೇಖೆ ಎದ್ದಿತು, ಅದೂ ರಕ್ಷಣೆಗೆಂದೇ. ಎರಡರ ನಡುವಿನ ನೆಲದಲ್ಲಿ ರೈತರು ನೆಲೆಸಿದರು. ಅವರನ್ನು ಕಾಯುವುದಕ್ಕೆ ಮತ್ತಷ್ಟು ದಕ್ಷಿಣದಲ್ಲಿ ಇನ್ನೂ ಹೊಸ ರೇಖೆಗಳು ಬೇಕಾದುವು. ಕಡೆಗೆ 1783ರಲ್ಲಿ ಕ್ರೈಮಿಯಾವೇ ರಷ್ಯದ ವಶವಾಯಿತು. ಈಟಿ ಎಸೆಯುವವನ ಮನೆಯವರೆಗೂ ಬೇಲಿ ನಡೆದುಕೊಂಡು ಹೋಯಿತು, ಪ್ರತಿಯೊಂದು ಹೆಜ್ಜೆಗೂ ಆತ್ಮರಕ್ಷಣೆಯ ಕಾರಣವಿಟ್ಟುಕೊಂಡು. ನಮ್ಮ ತೋಟದಲ್ಲಿಯೂ ಹೀಗೆಯೇ. ಬಿದಿರುಮುಳ್ಳು ಮೂರು ನಾಲ್ಕು ಮಳೆಗಾಲಕ್ಕೆ ಕುಂಬಾಗುತ್ತಿತ್ತು. ಹೊಸ ಬೇಲಿ ಕಟ್ಟಿಸುವಾಗ ಮನೆಯ ಹಿರಿಯರು, ಹಳೆಯ ಗೂಟದ ಕುಳಿಯಲ್ಲಿ ಗೂಟ ಗಟ್ಟಿ ನಿಲ್ಲದೆಂದು, ಒಂದು ಮಾರು ಆಚೆಗೆ ಗೋಮಾಳದ ಕಡೆಯಲ್ಲಿ ಹೊಸ ಕುಳಿ ತೋಡಿಸುತ್ತಿದ್ದರು. ಗೂಟದ ಮಾತು ನಿಜವೇ, ಸಡಿಲ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ. ಒಂದು ಮಾರು ಈಚೆಗೆ ತೋಡಿಸಿದ್ದರೂ ಗಟ್ಟಿ ನೆಲವೇ ಸಿಕ್ಕುತ್ತಿತ್ತು. ಆದರೆ ಅಲ್ಲಿ ನಮ್ಮ ಅಡಕೆಸಸಿಗಳಿದ್ದುವು. ಬೇಲಿ ಎದ್ದು ಹೊಲ ಮೇಯುವುದೆಂಬ ಗಾದೆಯನ್ನು ನಾವು ಕಾವಲುಗಾರನ ದ್ರೋಹಕ್ಕೆ ಹೇಳುತ್ತೇವೆ. ಆದರೆ ನಮ್ಮ ಬೇಲಿ ನಮಗೆ ದ್ರೋಹ ಮಾಡಲಿಲ್ಲ, ಅದು ಮೇದದ್ದು ಊರಿನ ಹುಲ್ಲನ್ನು.

ಕದಲದ ಬೇಲಿ ನಿರಪರಾಧಿ, ನಡೆಯುವ ಬೇಲಿ ಈಟಿಯ ಜಾತಿಯದು ಎಂದು ಈಗ ಹೇಳಬಹುದಲ್ಲವೆ? ಹೇಳಬಹುದು, ಆದರೆ 1566ರಲ್ಲಿ ಕೊಡಲಿ ಹಿಡಿದು ನಿಂತ ತೂಲಾದ ರೈತನಿಗೆ, ಮಕ್ಕಳನ್ನು ತಾತಾರರಿಂದ ಉಳಿಸಿಕೊಳ್ಳಬೇಕೆಂಬುದೊಂದೇ ಚಿಂತೆಯಾಗಿದ್ದವನಿಗೆ, ತಾನು ಕೆಡಹುತ್ತಿರುವ ಮರ ಯಾವ ಬಗೆಯದೆಂಬುದನ್ನು ತಿಳಿಯುವ ಉಪಾಯವೇನಿತ್ತು? ಕೊಡಲಿಯನ್ನು ಕೆಳಗಿಡೆಂದು ಟಾಲ್‌ಸ್ಟಾಯ್ ಅವನಿಗೆ ಹೇಳುತ್ತಿದ್ದ. ನಾನು ಕಡಿಯೆನ್ನುತ್ತೇನೆ; ಹೇಳಿದ ಮೇಲೆ, ಎರಡು ಶತಮಾನಗಳ ಆಚೆಯ ಕ್ರೈಮಿಯಾದ ಲೆಕ್ಕದಲ್ಲಿ ನನ್ನ ಪಾಲೆಷ್ಟೆಂದು ಯಾರಾದರೂ ಕೇಳಿದರೆ, ಏನು ಉತ್ತರ ಕೊಡಬೇಕೋ ತೋಚುವುದಿಲ್ಲ.