‘ತುಂ’ ಇಲ್ಲದ ಪ್ರಾರ್ಥನೆ

ಮಧ್ಯಾಹ್ನ ಎರಡೂವರೆಗೆ ನನ್ನ ಕೊರಿಯನ್ ಪಾಠ. ಸೋಲ್ ನಗರದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಆಗ ಸಂಜೆ ಆರು. ಕಾನ್ವೆಂಟಿನಲ್ಲಿ ಪಾತ್ರೆ ತೊಳೆದು ಮುಗಿದು, ಹಿರಿಯ ಸಿಸ್ಟರುಗಳು ಮಲಗಲು ಹೋದ ಮೇಲೆ, ಲೈಬ್ರರಿಯ ಮೇಜಿನ ಮೇಲೆ ಫೋನನ್ನು ಒಂದು ದಪ್ಪ ಪುಸ್ತಕಕ್ಕೆ ಒರಗಿಸಿ ಕೂರುತ್ತೇನೆ. ಹೊರಗೆ ಜುಲೈ ತಿಂಗಳ ಮಂಗಳೂರಿನ ಮಳೆ. ಹೆಂಚಿನ ಮೇಲೆ ಅದು ಹೊಡೆಯುವ ಸದ್ದಿಗೆ ಟೀಚರ ಅರ್ಧ ಮಾತು ಕೇಳುವುದೇ ಇಲ್ಲ. ಅವರು ನಮ್ಮ ಸಭೆಯವರೇ, ಕೊರಿಯಾದ ಒಬ್ಬ ಸಿಸ್ಟರ್. ಕರೆಂಟು ಹೋಗಿ ಪರದೆ ಕಪ್ಪಾದರೆ ಮತ್ತೆ ಬರುವ ತನಕ ಕಾಯುತ್ತಾರೆ. ಬರುವ ವರ್ಷ ನಾನು ಅವರಿದ್ದಲ್ಲಿಗೆ, ವೃದ್ಧರ ಆರೈಕೆಯ ಒಂದು ಮನೆಗೆ ಹೋಗಬೇಕು.

ಫೋನು ಒರಗಿಸುವ ಆ ಪುಸ್ತಕ ಕಿಟ್ಟೆಲರ ನಿಘಂಟು. ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಅದು ಕೈಗೆಟುಕುವಲ್ಲೇ ಇರಬೇಕು. ಎಪ್ಪತ್ತು ಸಾವಿರದಷ್ಟು ಶಬ್ದ. 1894ರಲ್ಲಿ ಇದೇ ಊರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂದದ್ದು. ಶಬ್ದ ಹುಡುಕಲು ಎಷ್ಟೋ ಸಲ ತೆರೆದಿದ್ದೇನೆ. ಆದರೆ ಅದನ್ನು ಬರೆದವರೂ ಒಂದು ದಿನ ‘ನೀರು’ ಎನ್ನಲು ಬಾರದೆ ಕುಳಿತಿದ್ದರು ಎಂದು ನನಗೆ ಹೊಳೆದದ್ದು, ನಾನೇ ಹಾಗೆ ಕುಳಿತ ಮೇಲೆ. ಬಾಸೆಲಿನ ಮಿಷನ್ ಮನೆಯಲ್ಲಿ ತರಬೇತಿ ಮುಗಿಸಿ 1853ರಲ್ಲಿ ಇಲ್ಲಿಗೆ ಬಂದಾಗ ಕಿಟ್ಟೆಲರಿಗೆ ಇಪ್ಪತ್ತೊಂದು ವರ್ಷ.

ಅವರಿಗೂ ಮೊದಲು, 1834ರಲ್ಲಿ, ಅದೇ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಮೊದಲ ಕಷ್ಟ ಯಾವುದಿದ್ದೀತು ಎಂದು ಊಹಿಸಲು ನನಗೆ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಿಂದ ಮೀನು ಮಾರ್ಕೆಟಿನ ತನಕ ನಡೆದರೆ ಸಾಕು. ಕಚೇರಿಯ ಕಾಗದ ಕನ್ನಡ. ಮೀನಿನವಳು ಕರೆಯುವುದು ತುಳುವಿನಲ್ಲಿ. ಪಕ್ಕದ ಅಂಗಡಿಯಲ್ಲಿ ಬ್ಯಾರಿ, ಇಗರ್ಜಿಯಿಂದ ಬರುವವರ ಬಾಯಲ್ಲಿ ಕೊಂಕಣಿ. ದೇವರ ಮಾತು ಹೇಳಲು ಬಂದವರು ಇದರಲ್ಲಿ ಯಾವುದನ್ನು ಕಲಿಯಬೇಕು? ಗ್ರೈನರ್ ತುಳುವಿನತ್ತ ಹೋದರು. ನಮ್ಮ ಕೊಂಕಣಿಗೆ ವ್ಯಾಕರಣ ಬರೆದವರು ಮಫೇಯಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ. ಅವರ ತಂಡ ಬಂದದ್ದು 1878ರ ಕೊನೆಗೆ, ವ್ಯಾಕರಣ ಅಚ್ಚಾದದ್ದು 1882ರಲ್ಲಿ, ಅದೂ ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಯುರೋಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ಸಭೆಗಳು ಇಲ್ಲಿ ಒಂದು ಕೊಂಕಣಿ ಪುಸ್ತಕಕ್ಕಾಗಿ ಒಂದೇ ಮೊಳೆಯಚ್ಚಿನ ಮುಂದೆ ನಿಂತವು.

ನಾನು ಕೊರಿಯನ್ ಕಲಿಯುತ್ತಿದ್ದೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗಣಿತದ ಟೀಚರ್ ಕೇಳಿದರು: “ಬೇಜಾರು ಮಾಡಬೇಡಿ ಸಿಸ್ಟರ್. ನಿಮ್ಮವರು ಭಾಷೆ ಕಲಿಯುವುದು ಆ ಜನರನ್ನು ಬದಲಾಯಿಸಲಿಕ್ಕೆ ಅಲ್ಲವಾ? ಹಾಗಾದರೆ ಅದು ಪ್ರೀತಿ ಹೇಗಾಗ್ತದೆ?”

ಬೇಜಾರಾಗಲಿಲ್ಲ. ಆದರೆ ಕೂಡಲೇ ಉತ್ತರವೂ ಬರಲಿಲ್ಲ. ಆ ಪ್ರಶ್ನೆ ಈಗ ಏಳು ತಿಂಗಳಿಂದ ನನ್ನ ಜೊತೆಗಿದೆ. ಬಂದವರು ಬದಲಾಯಿಸಲೆಂದೇ ಬಂದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದದ್ದು ಅದಕ್ಕೇ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ ಅದೇ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ವಿಠಲನ ಹಾಡುಗಳನ್ನು! ಜನರ ಮನಸ್ಸು ತಿಳಿಯಲಿಕ್ಕೆ ಎಂದು ಶುರು ಮಾಡಿದ್ದಿರಬಹುದು. ಆದರೆ ಅಚ್ಚಿನ ಕರಡು ತಿದ್ದುವವನು ಪ್ರತಿ ಅಕ್ಷರದ ಮೇಲೂ ಕಣ್ಣು ನಿಲ್ಲಿಸಬೇಕು, ಅರ್ಥ ಹಿಡಿಯಬೇಕು, ಆ ಭಕ್ತಿ ಎಲ್ಲಿಂದ ಹುಟ್ಟಿತೆಂದು ಕೇಳಿಕೊಳ್ಳಬೇಕು. ಹೊರಟ ಉದ್ದೇಶ ಒಂದು. ದಾರಿಯಲ್ಲಿ ಭಾಷೆ ಅವನನ್ನು ಬೇರೆಲ್ಲಿಗೋ ಕರೆದೊಯ್ಯುತ್ತದೆ. ಭಾಷೆಯನ್ನು ಬರೀ ಸಾಧನ ಮಾಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ ಎಂದೇ ನಾನು ನಂಬುತ್ತೇನೆ. ‘ಪಾಪ’, ‘ಕೃಪೆ’, ‘ಆತ್ಮ’, ‘ರಕ್ಷಣೆ’ ಇವು ಯಾವುದೂ ಹಡಗಿನಲ್ಲಿ ಬಂದ ಶಬ್ದಗಳಲ್ಲ. ಇಲ್ಲಿನವರು ಸಾವಿರಾರು ವರ್ಷ ಬಳಸಿ ಹದ ಮಾಡಿದ್ದವು. ಹೇಳಲು ಬಂದವರು ಮೊದಲು ಕೈಯೊಡ್ಡಿ ಅವನ್ನು ಇಸಿದುಕೊಳ್ಳಬೇಕಾಯಿತು.

ಇವರೆಲ್ಲರಿಗಿಂತ ಹೆಚ್ಚಾಗಿ ನಾನು ನೆನೆಯುವುದು ಆನಂದರಾವ್ ಕೌಂಡಿನ್ಯರನ್ನು. ಮಂಗಳೂರಿನ ಸಾರಸ್ವತರ ಮನೆಯ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದು ಹೆರ್ಮನ್ ಕೌಂಡಿನ್ಯ ಆದ. ಆ ಮನೆಗೆ ಅದೆಷ್ಟು ದುಃಖವಾಗಿರಬೇಕು! ಅದನ್ನು ದಾಟಿ ಮುಂದಿನ ಮಾತಿಗೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1846ರಲ್ಲಿ ಅವರು ಬಾಸೆಲಿಗೆ ಹೋದರು, 1851ರಲ್ಲಿ ಪಾದ್ರಿಯಾಗಿ ಮರಳಿದರು. ನಮ್ಮ ಊರಿನಿಂದ ಕಡಲು ದಾಟಿ, ಪರಭಾಷೆಯ ನಡುವೆ ತರಬೇತಿಗೆ ಕುಳಿತವರು. ಅಲ್ಲಿನ ಮೊದಲ ಚಳಿಗಾಲದಲ್ಲಿ, ಸುತ್ತಲೂ ಜರ್ಮನ್ ಮಾತು, ಊಟದ ಮೇಜಿನಲ್ಲಿ ನಗು ಎದ್ದಾಗ ಕಾರಣ ತಿಳಿಯದೆ ಕುಳಿತ ಆ ಯುವಕನ ಮುಖ ಪಾಠದ ನಡುವೆ ನನ್ನ ಕಣ್ಣಿಗೆ ಕಟ್ಟುತ್ತದೆ.

ಕೊರಿಯನ್ ನನಗೆ ಕಷ್ಟವಾದದ್ದು ನಾನು ಹೆದರಿದ್ದ ಕಡೆಯಲ್ಲಿ ಅಲ್ಲ. ಅಕ್ಷರ ವಾರದಲ್ಲಿ ಬಂತು. ಸೆಜೊಂಗ್ ದೊರೆ 1446ರಲ್ಲಿ ಸಾಮಾನ್ಯ ಜನರು ಕಲಿಯಲೆಂದೇ ಹೊರಡಿಸಿದ ಲಿಪಿ ಅದು, ತುಟಿ ನಾಲಿಗೆ ನಿಲ್ಲುವ ರೀತಿಯನ್ನೇ ನೋಡಿ ರೂಪಿಸಿದ್ದು. ವಾಕ್ಯ ನಮ್ಮ ಹಾಗೆಯೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ. ಅಮ್ಮನಿಗೆ ‘ಒಮ್ಮ’, ಅಪ್ಪನಿಗೆ ‘ಅಪ್ಪ’, ನಾನು ಎನ್ನಲು ‘ನಾ’. ‘ನಮ್ಮ ಮನೆ’, ‘ನಮ್ಮಮ್ಮ’ ಎಂದು ನಾವು ಅನ್ನುವಂತೆ ಅವರೂ ‘ನನ್ನ’ ಎನ್ನದೆ ‘ನಮ್ಮ’ ಎನ್ನುತ್ತಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ ಇಂಥ ಹೋಲಿಕೆಗಳಿಗೆ ಮಾರುಹೋಗಿ, ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ 1905ರಲ್ಲಿ ಒಂದು ವ್ಯಾಕರಣವನ್ನೇ ಬರೆದರು. ಇಂದಿನ ಭಾಷಾಶಾಸ್ತ್ರಜ್ಞರು ಆ ನಂಟನ್ನು ಒಪ್ಪುವುದಿಲ್ಲ. ಸಂಬಂಧವಿಲ್ಲದಿದ್ದರೂ ‘ಅಪ್ಪ’ ಎಂದು ಬರೆದ ಹಾಳೆ ಕಂಡ ದಿನ ನನಗೆ ಧೈರ್ಯ ಬಂದದ್ದಂತೂ ನಿಜ.

ಉಚ್ಚಾರ ಬೇರೆ ಸಂಗತಿ. ಚಂದ್ರ, ಮುಖವಾಡ, ಮಗಳು – ಈ ಮೂರಕ್ಕೂ ಅಲ್ಲಿ ಹತ್ತಿರ ಹತ್ತಿರ ಒಂದೇ ಸದ್ದು; ಮೊದಲ ವ್ಯಂಜನದ ಉಸಿರು ಮತ್ತು ಬಿಗಿಯಲ್ಲಷ್ಟೇ ವ್ಯತ್ಯಾಸ. ಅಲ್ಪಪ್ರಾಣ ಮಹಾಪ್ರಾಣ ಕಲಿಸಿದ ನನ್ನ ಕಿವಿಗೇ ಅದು ಸಿಗುವುದಿಲ್ಲ.

ಒಂದು ದಿನ ಟೀಚರ್ ಫೋನನ್ನು ಆ ಮನೆಯ ಒಬ್ಬ ಅಜ್ಜಿಯ ಮುಂದೆ ಹಿಡಿದರು. ನಾನು ಸಂತೋಷದಿಂದ, ಕಲಿತ ಮೊದಲ ವಾಕ್ಯವನ್ನು ಹೇಳಿದೆ: ಊಟ ಆಯಿತಾ? ಅಜ್ಜಿಯ ಮುಖ ಇಳಿಯಿತು. ನಾನು ಬಳಸಿದ್ದು ಗೆಳತಿಗೆ, ಮಕ್ಕಳಿಗೆ ಹೇಳುವ ರೂಪ. ಹಿರಿಯರ ಮುಂದೆ ಕ್ರಿಯಾಪದದ ಒಳಗೇ ‘ಶಿ’ ಎಂಬ ಗೌರವದ ತುಣುಕು ಸೇರಬೇಕು, ‘ಊಟ’ ಎಂಬ ಶಬ್ದವೇ ಬದಲಾಗಬೇಕು. ‘ಬಪ್’ ಹೋಗಿ ‘ಜಿಂಜಿ’ ಆಗಬೇಕು. ಎಂಬತ್ತು ದಾಟಿದ ಜೀವವನ್ನು ನಾನು ‘ಉಂಡ್ಯೇನೆ’ ಎಂದಂತಾಗಿತ್ತು. ಕ್ಷಮಿಸಿ ಎನ್ನಲೂ ಶಬ್ದ ಸಿಗಲಿಲ್ಲ. ಕೈ ಮುಗಿದೆ.

ಆ ರಾತ್ರಿ ನಿದ್ದೆಗೆ ಅಡ್ಡ ಬಂದದ್ದು ಅಜ್ಜಿಯಲ್ಲ, ಒಬ್ಬ ಹುಡುಗ. ಎಂಟನೇ ತರಗತಿಯಲ್ಲಿ ನನ್ನ ಮುಂದೆ ಕೂತಿದ್ದವನು. ತಂದೆ ಕಟ್ಟಡದ ಕೆಲಸಕ್ಕೆಂದು ಒಡಿಶಾದಿಂದ ಬಂದಿದ್ದರು. ಕನ್ನಡ ಪಾಠದಲ್ಲಿ ಐದು ತಿಂಗಳು ಅವನು ಬಾಯಿ ಬಿಡಲಿಲ್ಲ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ‘ಗಮನವಿಲ್ಲ’ ಎಂದು ನಾನೇ ಬರೆದೆ. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಅವನಿಗೆ ಗಮನ ಇಲ್ಲದೆ ಇರಲಿಲ್ಲ, ಅವನು ಪೂರ್ತಿ ಗಮನವೇ ಆಗಿದ್ದ. ಒಂದು ಶಬ್ದವನ್ನಾದರೂ ಹಿಡಿಯಲು ಎದುರಿನವರ ತುಟಿಯನ್ನೇ ನೋಡುವುದೆಂದರೇನು ಎಂದು ಈಗ ಗೊತ್ತು. ತಪ್ಪೊಪ್ಪಿಗೆಯಲ್ಲಿ ಇದನ್ನು ಹೇಳಿದ್ದೇನೆ. ಹೇಳಿದ್ದು ಸಾಕಾಗಿಲ್ಲ ಎನಿಸಿ ಇಲ್ಲಿಯೂ ಬರೆದೆ.

ಇನ್ನು ಪ್ರಾರ್ಥನೆಯ ಮಾತು. ನಮ್ಮ ಕೊಂಕಣಿಯಲ್ಲಿ ದೇವರಿಗೆ ‘ತುಂ’ ಅನ್ನುತ್ತೇವೆ. ತಂದೆಗೆ, ತಾಯಿಗೆ, ನಾಯಿಮರಿಗೆ, ದೇವರಿಗೆ ಅದೇ ‘ತುಂ’. ದಾಸರೂ ಶರಣರೂ ತಮ್ಮ ದೇವರನ್ನು ‘ನೀನು’ ಎಂದೇ ಕರೆದರು, ಜಗಳ ಕೂಡ ಆಡಿದರು. ಹಳೆಯ ಕನ್ನಡ ಬೈಬಲಿನಲ್ಲಿ ‘ದೇವರು’ ಎಂಬ ಬಹುವಚನದ ಶಬ್ದಕ್ಕೆ ‘ಮಾಡಿದನು’ ಎಂಬ ಏಕವಚನದ ಕ್ರಿಯಾಪದ ಹತ್ತಿಸಿದ್ದಾರೆ. ಗೌರವವನ್ನೂ ಸಲಿಗೆಯನ್ನೂ ಒಂದೇ ವಾಕ್ಯದಲ್ಲಿ ಉಳಿಸಿಕೊಳ್ಳುವ ಹಟ ಅದು ಎಂದು ನನಗೆ ಕಾಣುತ್ತದೆ. ಕೊರಿಯನ್ನಿನಲ್ಲಿ ‘ನೀನು’ ಎಂಬ ಶಬ್ದ ಇಲ್ಲದಿಲ್ಲ. ಆದರೆ ತಂದೆಯ ಎದುರು ಅದನ್ನು ಬಾಯಿಗೆ ತರುವಂತಿಲ್ಲ. ಹಾಗಾಗಿ ಕಥೋಲಿಕರು ಅಲ್ಲಿ ಹೇಳುವ ಕರ್ತರ ಪ್ರಾರ್ಥನೆಯಲ್ಲಿ ‘ನಿನ್ನ’ ಬರಬೇಕಾದ ಕಡೆಯೆಲ್ಲ ‘ತಂದೆಯ’ ಎಂದು ಬರುತ್ತದೆ: ತಂದೆಯ ಹೆಸರು, ತಂದೆಯ ರಾಜ್ಯ, ತಂದೆಯ ಚಿತ್ತ.

ಮೊದಲ ಸಲ ಅದನ್ನು ಹೇಳಿದಾಗ ಬಾಗಿಲು ಮುಚ್ಚಿದಂತಾಯಿತು. ‘ತುಂ’ ಅನ್ನದಿದ್ದರೆ ನಾನು ಯಾರ ಜೊತೆ ಮಾತಾಡುತ್ತಿದ್ದೇನೆ? ನಾಲ್ಕು ವರ್ಷದವಳಿದ್ದಾಗ ಕಿನ್ನಿಗೋಳಿಯ ಮನೆಯ ಅಲ್ತಾರಿನ ಮುಂದೆ ನಿದ್ದೆಗಣ್ಣಿನಲ್ಲಿ ‘ತುಂ’ ಎಂದು ಯಾರನ್ನು ಕರೆದೆನೋ ಆ ದೇವರು ಈ ಭಾಷೆಯೊಳಗೆ ಬರುತ್ತಾನೆಯೇ? ಅಥವಾ ನನ್ನ ದೇವರು ಎಂದು ನಾನು ತಿಳಿದದ್ದರಲ್ಲಿ ಅರ್ಧ, ಬರೀ ನನ್ನ ಮಾತೃಭಾಷೆಯ ಬಿಸುಪೋ?

ಈ ಪ್ರಶ್ನೆಗೆ ನನಗೆ ದಾರಿ ತೋರಿಸಿದ್ದು ಕೊರಿಯಾದ ಇಗರ್ಜಿಯ ಚರಿತ್ರೆ. ಅದು ಮಿಷನರಿಗಳಿಂದ ಹುಟ್ಟಿದ್ದಲ್ಲ. ಬೀಜಿಂಗಿನಿಂದ ಬಂದ ಪುಸ್ತಕಗಳನ್ನು ಓದಿ, ತಮ್ಮೊಳಗೇ ಚರ್ಚಿಸಿ, ಯಿ ಸುಂಗ್-ಹುನ್ ಎಂಬವರನ್ನು ಬೀಜಿಂಗಿಗೆ ಕಳಿಸಿ 1784ರಲ್ಲಿ ದೀಕ್ಷಾಸ್ನಾನ ಪಡೆದು ಬರುವಂತೆ ಮಾಡಿದವರು ಕೊರಿಯಾದ ವಿದ್ವಾಂಸರೇ. ಮೊದಲ ಪಾದ್ರಿ ಬರುವ ಮೊದಲೇ ಸಭೆ ಇತ್ತು. ಚೊಂಗ್ ಯಾಕ್-ಜೊಂಗ್ ಎಂಬ ಗೃಹಸ್ಥ ಜನರ ಲಿಪಿಯಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು, 1801ರಲ್ಲಿ ಆ ನಂಬಿಕೆಗಾಗಿ ಕೊಲ್ಲಲ್ಪಟ್ಟರು. ದೇವರ ಹೆಸರಿಗಾಗಿಯೂ ಅಲ್ಲಿನ ಕಥೋಲಿಕರು ಇಂದು ತಮ್ಮ ಆಕಾಶವನ್ನೇ ನೋಡುತ್ತಾರೆ: ‘ಹನುಲ್’ ಎಂದರೆ ಆಕಾಶ, ಅದಕ್ಕೆ ಗೌರವದ ‘ನಿಮ್’ ಸೇರಿ ‘ಹನುನಿಮ್’. ಪ್ರಾಟೆಸ್ಟೆಂಟರು ‘ಹನನಿಮ್’ ಎನ್ನುತ್ತಾರೆ, ಅದರಲ್ಲಿ ‘ಒಬ್ಬನೇ’ ಎಂಬ ಅರ್ಥ ಕಾಣುತ್ತಾರೆ. ಒಂದು ಸ್ವರದ ಅಂತರ.

ಹೀಗಿರುವಾಗ ನಾನು ಅಲ್ಲಿಗೆ ಏನನ್ನು ಹೊತ್ತುಕೊಂಡು ಹೋಗಬೇಕು? ನನಗಿಂತ ಮೊದಲೇ ದೇವರು ಅಲ್ಲಿದ್ದಾನೆ, ನಾನು ಕೇಳರಿಯದ ಶಬ್ದಗಳಲ್ಲಿ ಇದ್ದಾನೆ. ಗಣಿತದ ಟೀಚರಿಗೆ ಕಳೆದ ವಾರ ಇದನ್ನೇ ಹೇಳಿದೆ. ಆ ಅಜ್ಜಿಗೆ ಸ್ನಾನ ಮಾಡಿಸಲು, ಗಂಜಿ ಕುಡಿಸಲು ಹೋಗುತ್ತಿದ್ದೇನೆ. ಅವರು ದೇವರನ್ನು ಹೇಗೆ ಕರೆಯುತ್ತಾರೆಂದು ಅವರಿಂದಲೇ ಕಲಿಯಲು ಹೋಗುತ್ತಿದ್ದೇನೆ. ಕೊಡುವವಳು ನಾನು ಎಂಬ ಭಾವ ಇದ್ದಿದ್ದರೆ ಈ ಏಳು ತಿಂಗಳ ಮೂಕತನ ಅದನ್ನು ತೊಳೆದಿದೆ. ಗಣಿತದ ಟೀಚರ್ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಕೊರಿಯನ್ನಿನಲ್ಲಿ ಒಂದರಿಂದ ಹತ್ತರ ತನಕ ಹೇಳಿಸಿಕೊಂಡರು.

ಮೊನ್ನೆ ಭಾನುವಾರ ಅಮ್ಮನಿಗೆ ಫೋನ್ ಮಾಡಿದ್ದೆ. “ಬಾಯೆ, ಅವರ ಭಾಷೆಯಲ್ಲಿ ತೇರ್ಸ ಮಾಡಿ ತೋರಿಸು” ಎಂದರು. ತೇರ್ಸ ಎಂದರೆ ಜಪಮಾಲೆ; ಅದು ಪೂರ್ತಿ ಬಾರದು, ಕರ್ತರ ಪ್ರಾರ್ಥನೆಯನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಈ ‘ಅಬೊಜಿ’ ಅಂದರೆ ಎಂತ?”

“ಅಪ್ಪ.”

“ನಾಲ್ಕು ಸಲ ಬಂತಲ್ಲ. ನಾನು ಬೆರಳಲ್ಲಿ ಎಣಿಸಿದೆ. ನಮ್ಮದರಲ್ಲಿ ಅಪ್ಪ ಅನ್ನುವುದು ಒಂದೇ ಸಲ.” ಮತ್ತೆ ಸುಮ್ಮನಾದರು. ನನ್ನ ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿ ಆ ಶಬ್ದವನ್ನು ಈಗ ಯಾರೂ ಆಡುವುದಿಲ್ಲ.

“ಇನ್ನೊಮ್ಮೆ ಹೇಳು,” ಎಂದರು, “ನಿಧಾನ ಹೇಳು.”