ಊಟ ಬಲ್ಲವನ ಹಬ್ಬದೂಟ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಈ ಗಾದೆ ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಶಾಲೆಯ ಗೋಡೆಯ ಮೇಲೆ ಓದಿದ್ದೇವೆ, ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ಮಿತವಾಗಿ ಉಣ್ಣಬೇಕು, ಮಿತವಾಗಿ ಮಾತಾಡಬೇಕು ಎಂದು ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಗಾದೆಯಲ್ಲಿ ಮಿತ ಎಂಬ ಪದ ಎಲ್ಲೂ ಇಲ್ಲ. ಊಟ ಬಿಟ್ಟವ ಎಂದೂ ಇಲ್ಲ, ಕಡಿಮೆ ಉಂಡವ ಎಂದೂ ಇಲ್ಲ. ಇರುವುದು ‘ಬಲ್ಲವ’. ಈಜು ಬಲ್ಲವ, ಕೂರಿಗಿ ಹಿಡಿಯಲು ಬಲ್ಲವ ಎನ್ನುವಾಗ ಬಳಸುವ ಅದೇ ಮಾತು. ಮಾಡಿ ಮಾಡಿ ಕೈಗೆ ಹತ್ತಿದ ತಿಳಿವಳಿಕೆ ಅದು.

ಈ ಪದ ನನ್ನನ್ನು ಮತ್ತೆ ಹಿಡಿದು ನಿಲ್ಲಿಸಿದ್ದು ಒಂದು ಭಾನುವಾರ. ನಮ್ಮ ಅಕ್ಕನ ಮಗ ಕೊಪ್ಪಳ ಜಿಲ್ಲೆಯ ಯಲಬುರ್ಗಾದಲ್ಲೇ ಇರುವವನು, ತೂಕ ಇಳಿಸುವ ಹಟಕ್ಕೆ ಬಿದ್ದು ಮೂರು ತಿಂಗಳಾಗಿತ್ತು. ನಸುಕಿನಲ್ಲೇ ಎದ್ದು ನಡೆಯುತ್ತಿದ್ದ, ಸಕ್ಕರೆ ಬಿಟ್ಟಿದ್ದ, ರಾತ್ರಿ ಒಂದೇ ರೊಟ್ಟಿ ಉಣ್ಣುತ್ತಿದ್ದ. ಆ ದಿನ ಮಾತ್ರ ಮುಂಜಾನೆಯೇ ಒಂದು ಪ್ಲೇಟು ವಗ್ಗರಣಿ, ನಾಲ್ಕು ಮಿರ್ಚಿ ತಂದು ಕುಳಿತ. ನಾನು ನೋಡುತ್ತಿದ್ದುದನ್ನು ಕಂಡು, “ಮಾಮಾ, ಇವತ್ತ ನಂದು ಚೀಟ್ ಡೇ ಐತಿ, ಏನೂ ಅನಬ್ಯಾಡ್ರಿ” ಎಂದ. ನಾನೇನೂ ಅನ್ನಲಿಲ್ಲ. ಆದರೆ ಆ ಪದ ದಿನವಿಡೀ ಕಿವಿಯಲ್ಲಿ ಉಳಿಯಿತು. ಚೀಟ್ ಎಂದರೆ ಮೋಸ. ಆರು ದಿನ ಒಳ್ಳೆಯವನಾಗಿದ್ದು ಏಳನೆಯ ದಿನ ಮೋಸ ಮಾಡುವವನು ಯಾರಿಗೆ ಮೋಸ ಮಾಡುತ್ತಾನೆ? ತನ್ನ ಇಷ್ಟದ ಊಟಕ್ಕೆ ಆ ಹುಡುಗ ಕಳ್ಳತನದ ಹೆಸರಿಟ್ಟುಕೊಂಡಿದ್ದ. ನನಗೆ ನೋವಾದದ್ದು ಅದಕ್ಕೆ, ಮಿರ್ಚಿಗಲ್ಲ.

ನಮ್ಮ ಕಡೆ ಅಂಥ ಊಟಕ್ಕೆ ಬೇರೆ ಹೆಸರಿತ್ತು, ಹಬ್ಬ. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. “ಇವತ್ತ ನಮ್ಮನ್ಯಾಗ ಹೋಳಿಗಿ” ಎಂದು ಹುಡುಗರು ಓಣಿಯೆಲ್ಲ ಸಾರಿಕೊಂಡು ಬರುತ್ತಿದ್ದರು.

ಎಳ್ಳ ಅಮಾವಾಸ್ಯೆಯನ್ನೇ ತೆಗೆದುಕೊಳ್ಳಿ. ಹಿಂಗಾರಿ ಜೋಳ ಎದೆಮಟ್ಟ ಬಂದು, ಕಡಲೆ ಕಾಯಿಗಟ್ಟುವ ಹೊತ್ತು. ಹಿಂದಿನ ರಾತ್ರಿಯಿಂದಲೇ ಒಲೆ ಉರಿಯುತ್ತಿರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ, ಕರಿಗಡುಬು, ಮೊಸರನ್ನ. ಎಲ್ಲವನ್ನೂ ಬುಟ್ಟಿಗೆ ತುಂಬಿ, ಚಕ್ಕಡಿಯಲ್ಲೋ ಈಗೀಗ ಟ್ರ್ಯಾಕ್ಟರಿನಲ್ಲೋ ಎರಿ ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ, ಮೊದಲ ತುತ್ತನ್ನು ಯಾರೂ ಬಾಯಿಗೆ ಹಾಕಿಕೊಳ್ಳದೆ ಹೊಲಕ್ಕೆ ಚೆಲ್ಲುತ್ತೇವೆ. ಅದೇ ಚರಗ. ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ ಮೊದಲು. ಆಮೇಲೆ ನಮ್ಮ ಸರದಿ. ಬೀಗರು, ಬಾಜೂ ಹೊಲದವರು, ದಾರಿಯಲ್ಲಿ ಹೋಗುವವರು ಎಲ್ಲರೂ ಕೂಡಿ ಉಣ್ಣುವುದು. ಹೊಟ್ಟೆ ಬಿರಿಯುವಷ್ಟೇ ಉಣ್ಣುತ್ತಿದ್ದೆವು, ಅದರಲ್ಲಿ ಸುಳ್ಳಿಲ್ಲ. ಉಂಡ ಮೇಲೆ ಬದುವಿನ ಮೇಲೆ ಅಡ್ಡಾಡಿ, ಸುಲಗಾಯಿ ಕಿತ್ತು, ಹೊತ್ತು ಮುಳುಗುವಾಗ ಮನೆಗೆ. ರಾತ್ರಿ ಯಾರಿಗೂ ಹಸಿವಿರುತ್ತಿರಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರೆ ಮುಗಿಯಿತು. ಮರುದಿನ ಮತ್ತದೇ ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಉಳ್ಳಾಗಡ್ಡಿ.

ಊಟ ಬಲ್ಲವರ ತಿಳಿವಳಿಕೆ ನನಗೆ ಕಾಣುವುದು ಈ ಒಂದು ದಿನದ ಹಿಂದು ಮುಂದಿನಲ್ಲಿ. ಹಬ್ಬದೂಟಕ್ಕೆ ತಾರೀಖು ಇತ್ತು. ಜೊತೆಗೆ ಉಣ್ಣುವವರಿದ್ದರು. ಅದು ಒಂದು ಹೊತ್ತಿನ ಊಟವಾಗಿತ್ತು, ಇಡೀ ದಿನದ ಮೇವಾಗಿರಲಿಲ್ಲ. ಮಾರನೆಯ ದಿನಕ್ಕೆ ಯಾವ ಪ್ರಾಯಶ್ಚಿತ್ತವೂ ಇರಲಿಲ್ಲ, ಎಂದಿನ ರೊಟ್ಟಿಗೆ ಮರಳುವುದಷ್ಟೇ ಇತ್ತು.

ವರ್ಷಕ್ಕೆ ಇಂಥವು ಎಷ್ಟು ಬರುತ್ತಿದ್ದವು? ಯುಗಾದಿ, ಬಸವ ಜಯಂತಿ, ಕಾರಹುಣ್ಣಿಮೆ, ಪಂಚಮಿ, ಗಣೇಶ ಚೌತಿ, ದಸರೆ, ಶೀಗಿ ಹುಣ್ಣಿಮೆ, ದೀಪಾವಳಿ, ಎಳ್ಳ ಅಮಾವಾಸ್ಯೆ, ಸಂಕ್ರಾಂತಿ, ಹೋಳಿ. ಮೇಲೆ ಊರ ಜಾತ್ರೆ, ಕುಕನೂರಿನ ಗುದ್ನೆಪ್ಪನಮಠದ ಜಾತ್ರೆ, ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಗವಿಮಠದ ಮಹಾದಾಸೋಹಕ್ಕೆ ಊರೂರಿನಿಂದ ರೊಟ್ಟಿ ಹೇರಿಕೊಂಡು ಹೋಗುವ ಜನ ಅಲ್ಲಿ ಕುಳಿತು ಮಾದಲಿ ಉಂಡು ಬರುತ್ತಾರೆ. ಮದುವೆಯ ಗೋದಿ ಹುಗ್ಗಿಯನ್ನೂ ಕೂಡಿಸಿ ಎಣಿಸಿದರೆ ಇಪ್ಪತ್ತರ ಆಸುಪಾಸು. ವಾರಕ್ಕೊಂದು ಚೀಟ್ ಡೇ ಎಂದರೆ ವರ್ಷಕ್ಕೆ 52. ಅದರ ಮೇಲೆ ಹಬ್ಬ, ಮದುವೆಗಳು ಬೇರೆ. ಹಬ್ಬದ ದಿನಗಳು ಹೊಲದ ಬೆಳೆಯೊಂದಿಗೆ ಹೆಣೆದುಕೊಂಡಿದ್ದವು. ಚೀಟ್ ಡೇ ಆಫೀಸಿನ ರಜೆಯೊಂದಿಗೆ ಹೆಣೆದುಕೊಂಡಿದೆ. ಹಾಗಾಗಿಯೇ ಅದಕ್ಕೆ ಕೊನೆಯಿಲ್ಲ.

ಇನ್ನೊಂದು ಬದಲಾವಣೆಯನ್ನು ನಾವು ಗಮನಿಸಲೇ ಇಲ್ಲ. ಹಬ್ಬದ ಜೊತೆಗೆ ಒಪ್ಪತ್ತೂ ಇತ್ತು. ಶ್ರಾವಣ ಸೋಮವಾರ ಒಪ್ಪತ್ತು, ಮನೆದೇವರ ವಾರ ಒಪ್ಪತ್ತು, ಶಿವರಾತ್ರಿಗೆ ಉಪವಾಸ. ಹೋಳಿಗೆಯನ್ನು ಉಳಿಸಿಕೊಂಡು ಒಪ್ಪತ್ತನ್ನು ಕೈಬಿಟ್ಟೆವು. ಎತ್ತು, ಕೊಡಲಿ, ಬೀಸುಕಲ್ಲು ಹೋದವು, ದೇಹ ದಣಿಯುವುದೂ ಹೋಯಿತು. ಒಂದು ಕಾಲಕ್ಕೆ ಅರ್ಧ ದಿನ ಹೂರಣ ರುಬ್ಬಿದರೆ ಮಾತ್ರ ಸಿಗುತ್ತಿದ್ದ ಹೋಳಿಗೆ ಈಗ ಅಂಗಡಿಯಲ್ಲಿ ಯಾವ ದಿನ ಬೇಕಾದರೂ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಪ್ಪತ್ತು, ಉಪವಾಸ ಹಿಡಿಯಬಾರದು. ಸಕ್ಕರೆ ದಿಢೀರನೆ ಇಳಿದು ಪ್ರಾಣಕ್ಕೆ ಬರಬಹುದು.

ಲೆಕ್ಕವನ್ನೂ ನೋಡೋಣ. ತೂಕ ಇಳಿಸುವವನು ದಿನಕ್ಕೆ ಬೇಕಾದುದಕ್ಕಿಂತ 500 ಕ್ಯಾಲೊರಿ ಕಡಿಮೆ ಉಂಡರೆ ಆರು ದಿನಕ್ಕೆ 3000 ಉಳಿತಾಯ. ಏಳನೆಯ ದಿನ ಮುಂಜಾನೆ ವಗ್ಗರಣಿ ಮಿರ್ಚಿ, ಮಧ್ಯಾಹ್ನ ತುಪ್ಪ ಸುರಿದ ಹೋಳಿಗೆ, ಸಂಜೆ ಬೇಕರಿ, ರಾತ್ರಿ ದಾಬಾ ಎಂದರೆ 2500 ಹೆಚ್ಚಾಗುವುದು ದೊಡ್ಡ ಮಾತಲ್ಲ. ಎಣ್ಣೆ, ತುಪ್ಪ ಗ್ರಾಮಿಗೆ 9 ಕ್ಯಾಲೊರಿ ಕೊಡುತ್ತವೆ, ಹಿಟ್ಟು, ಬೆಲ್ಲ 4ರ ಹತ್ತಿರ. ವಾರಕ್ಕೆ ಉಳಿದದ್ದು 500. ಅದೇ ಹುಡುಗ ಇಡೀ ದಿನದ ಬದಲು ಒಂದೇ ಹೊತ್ತು ಹಬ್ಬದೂಟ ಮಾಡಿ, 800 ಹೆಚ್ಚು ಉಂಡ ಎನ್ನಿ. ಉಳಿತಾಯ 2200, ನಾಲ್ಕು ವಾರಕ್ಕೆ 8800. ಒಂದು ಕಿಲೋ ಮೈಕೊಬ್ಬಿನಲ್ಲಿ ಇರುವುದು ಸುಮಾರು 7700 ಕ್ಯಾಲೊರಿ. ತೂಕ ಇಳಿದಂತೆ ದೇಹ ಖರ್ಚನ್ನೂ ಕಡಿಮೆ ಮಾಡುವುದರಿಂದ ನಿಜ ಜೀವನದಲ್ಲಿ ಇದು ಇಷ್ಟು ನೆಟ್ಟಗೆ ನಡೆಯುವುದಿಲ್ಲ. ಆದರೂ ‘ದಿನ’ ಮತ್ತು ‘ಹೊತ್ತು’ ಎಂಬ ಎರಡು ಪದಗಳ ನಡುವಿನ ಅಂತರ ತಿಂಗಳಿಗೆ ಮುಕ್ಕಾಲು ಕಿಲೋ ಆಗಬಲ್ಲದು ಎಂಬುದನ್ನು ಇದು ತೋರಿಸುತ್ತದೆ.

ಹಬ್ಬದ ಮರುದಿನ ಬೆಳಗ್ಗೆ ತಕ್ಕಡಿಯ ಮೇಲೆ ನಿಲ್ಲುವವರಿಗೆ ಒಂದು ಮಾತು. ಒಂದೂವರೆ ಕಿಲೋ ಏರಿದ್ದು ಕಂಡು ಎಷ್ಟೋ ಜನ ಎಲ್ಲ ಕೈಬಿಟ್ಟಿದ್ದಾರೆ. ಅದರಲ್ಲಿ ಬಹುಪಾಲು ಕೊಬ್ಬಲ್ಲ. ಬೆಲ್ಲ, ಗೋದಿ, ಅನ್ನದಿಂದ ಬಂದ ಸಕ್ಕರೆಯನ್ನು ದೇಹ ಗ್ಲೈಕೊಜೆನ್ ಆಗಿ ಕೂಡಿಟ್ಟುಕೊಳ್ಳುವಾಗ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮು ನೀರನ್ನೂ ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿ ಇನ್ನೂ ಅರಗದ ಊಟದ ಭಾರ ಬೇರೆ. ಎಂದಿನ ಊಟಕ್ಕೆ ಮರಳಿದರೆ ಮೂರು ನಾಲ್ಕು ದಿನದಲ್ಲಿ ಬಹುಪಾಲು ಇಳಿದುಹೋಗುತ್ತದೆ. ಮರಳದಿದ್ದರೆ ಮಾತ್ರ ಕಷ್ಟ. ಅಮೆರಿಕದಲ್ಲಿ 195 ವಯಸ್ಕರನ್ನು ಹಲವು ಬಾರಿ ತೂಗಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವರ್ಷದ ಕೊನೆಯ ಹಬ್ಬಗಳ ವೇಳೆ ಅವರ ತೂಕ ಸರಾಸರಿ ಏರಿದ್ದು 0.37 ಕಿಲೋ ಮಾತ್ರ. ಅವರೇ ಅಂದಾಜು ಮಾಡಿಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ಅಷ್ಟು ತೂಕ ಮುಂದಿನ ತಿಂಗಳುಗಳಲ್ಲಿ ಇಳಿಯಲೇ ಇಲ್ಲ. ವರ್ಷ ವರ್ಷ ಹೀಗೇ ಸೇರಿದರೆ ಇಪ್ಪತ್ತು ವರ್ಷಕ್ಕೆ ಎಷ್ಟಾಯಿತು?

ಹಬ್ಬದೂಟವನ್ನು ಒಂದೇ ಹೊತ್ತಿಗೆ ನಿಲ್ಲಿಸಲು ಗಾದೆಯ ದ್ವಿತೀಯಾರ್ಧ ಬೇಕಾಗುತ್ತದೆ. ಊಟಕ್ಕೂ ಮಾತಿಗೂ ಪ್ರಾಸಕ್ಕಾಗಿ ಗಂಟು ಹಾಕಿದ್ದಾರೆ ಎಂದು ಬಹಳ ದಿನ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮ್ಮ ಕಡೆ ಊಟಕ್ಕೆ ಕುಳಿತವನ ಮೊದಲ ಕಷ್ಟವೇ ಮಾತು. “ಒಂದಕ್ಕ ಏಳಬಾರ್ದು, ಎರಡಾದ್ರೂ ಆಗ್ಲಿ.” “ನಮ್ಮನಿ ಹೋಳಿಗಿ ರುಚಿ ಆಗಲಿಲ್ಲೇನು?” “ಇಷ್ಟ ಉಂಡ್ರ ಹೊಲದಾಗ ಹ್ಯಾಂಗ ದುಡೀತಿ ತಮ್ಮಾ?” ಬೇಡ ಎಂದು ತಾಟಿನ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಬಿಸಿ ಹೋಳಿಗೆ ಬೀಳುತ್ತದೆ.

ಈ ಒತ್ತಾಯವನ್ನು ಹೀಗಳೆಯಲು ನನ್ನಿಂದಾಗದು. ಯಲಬುರ್ಗಾ, ಕುಷ್ಟಗಿ ಮಳೆ ನಂಬಿ ಬದುಕಿದ ಸೀಮೆ. 1972ರ ಬರಗಾಲ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಮಕ್ಕಳುಮರಿ ಕಟ್ಟಿಕೊಂಡು ಗೋವಾ, ಮಂಗಳೂರು, ಬೆಂಗಳೂರು ಎಂದು ಗುಳೆ ಹೋದ ಮನೆಗಳಿವೆ. ಹಸಿವು ಕಂಡ ಕೈಗೆ ಎರಡನೆಯ ಹೋಳಿಗೆ ಬಡಿಸುವುದೇ ಪ್ರೀತಿ. ಆ ಕೈಯನ್ನು ನೋಯಿಸದೆ ಬೇಡ ಎನ್ನುವುದಕ್ಕೆ ನಿಜವಾಗಿಯೂ ಮಾತು ಬಲ್ಲವನಾಗಿರಬೇಕು. ನಮ್ಮ ದೊಡ್ಡವ್ವ ಅದರಲ್ಲಿ ಗಟ್ಟಿಗಿತ್ತಿ. ಸಿಹಿ ಬಡಿಸುವ ಮೊದಲೇ, “ಅರ್ಧ ಮುರದು ಹಾಕವಾ, ತುಪ್ಪ ಮ್ಯಾಲ ಬ್ಯಾಡ” ಎಂದು ತಾನೇ ಕೇಳುತ್ತಿದ್ದಳು. ನಿಧಾನ ತಿಂದು, “ಹೂರಣ ಭಾಳ ಹದ ಬಂದೈತಿ” ಎಂದು ಹೇಳಿ, ಎರಡನೆಯ ಸಲ ತಾನಾಗಿಯೇ ಪಲ್ಯ ಕೇಳುತ್ತಿದ್ದಳು. ಬಡಿಸುವವರಿಗೆ ಮತ್ತೆ ಬಡಿಸಿದ ಸಂತೋಷ, ಆಕೆಯ ಹೊಟ್ಟೆಗೂ ಹಗುರ. ಯಾರೂ ಆಕೆಯ ಮೇಲೆ ಮುನಿಸಿಕೊಂಡದ್ದು ನಾನು ಕಾಣೆ.

ಬಡಿಸುವವರೊಂದಿಗಿನ ಜಗಳ ಒಂದಾದರೆ, ಎರಡನೆಯದು ತನ್ನೊಂದಿಗೇ ನಡೆಯುವಂಥದ್ದು. ಒಂದು ಹೋಳಿಗೆ ಹೆಚ್ಚಾಯಿತು ಎನ್ನಿ. ಆಗ ಒಳಗಿನಿಂದ ಒಂದು ದನಿ, “ಹ್ಯಾಂಗೂ ಕೆಟ್ಟೈತಿ, ಇನ್ನೆರಡು ಹಾಕ್ಕೋ, ನಾಳಿಂದ ನೋಡೋಣ.” 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಲು ಕೊಟ್ಟರು. ಊಟಕ್ಕೆ ಕಟ್ಟುನಿಟ್ಟು ಹಾಕಿಕೊಳ್ಳದವರು, ಹೊಟ್ಟೆ ತುಂಬಿದ್ದರಿಂದ, ಕಡಿಮೆ ತಿಂದರು. ಪಥ್ಯದಲ್ಲಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನೂ ಹೆಚ್ಚು ತಿಂದರು. ನಿಯಮ ಮುರಿದಾಗಿದೆ, ಇನ್ನು ತಡೆಯೇಕೆ ಎಂಬ ಲೆಕ್ಕ. ಕೆಡುಕಾದದ್ದು ಮಿಲ್ಕ್‌ಶೇಕಿನಿಂದಲ್ಲ, ‘ಕೆಟ್ಟಿತು’ ಎಂಬ ಆ ಮಾತಿನಿಂದ. ಊಟಕ್ಕೆ ಮೋಸ ಎಂದು ಹೆಸರಿಟ್ಟವನಿಗೆ ಈ ದನಿ ಇನ್ನೂ ಜೋರಾಗಿ ಕೇಳುತ್ತದೆ. ಮೋಸಕ್ಕೆ ಇಳಿದ ಮೇಲೆ ಒಂದಾದರೇನು, ನಾಲ್ಕಾದರೇನು? ಹಬ್ಬ ಎಂದು ಹೆಸರಿಟ್ಟವನು ಬೇರೆ ಮಾತು ಆಡಿಕೊಳ್ಳಬಲ್ಲ: “ಉಂಡೆ, ಚಲೋ ಇತ್ತು. ರಾತ್ರಿಗೆ ಮಜ್ಜಿಗಿ ಸಾಕು.”

‘ರೋಗವಿಲ್ಲ’ ಎಂಬ ಪದವನ್ನು ಮಾತ್ರ ನಾನು ಅಕ್ಷರಶಃ ಒಪ್ಪಲಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ, ಅದರ ಅಂಚಿನಲ್ಲಿರುವವರು 13.6 ಕೋಟಿ. ಇವರೆಲ್ಲ ಊಟ ತಿಳಿಯದವರೇನಲ್ಲ. ವಂಶದಿಂದ ಬಂದದ್ದಿದೆ, ಬಡತನದ ಅಗ್ಗದ ಊಟದಿಂದ ಬಂದದ್ದಿದೆ. ನಮ್ಮ ಜನರ ಮೈ ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಬೇಗ ಕೊಬ್ಬು ಕೂಡುತ್ತದೆ. ಅದಕ್ಕೇ ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ಹಾಸಿಗೆ ಹಿಡಿದವನ ಮುಂದೆ ಈ ಗಾದೆ ಹೇಳಿ ಅವನನ್ನು ಹಂಗಿಸುವವರನ್ನು ಕಂಡಿದ್ದೇನೆ. ಅದು ಗಾದೆಯ ತಪ್ಪು ಬಳಕೆ. ಬಲ್ಲವನಾಗು ಎಂದು ಕರೆಯುವ ಮಾತನ್ನು ತಿಳಿಗೇಡಿ ಎಂದು ಬೈಯುವ ಮಾತಾಗಿ ತಿರುಗಿಸಬಾರದು.

ಅಕ್ಕನ ಮಗ ಈಗಲೂ ನಸುಕಿನಲ್ಲಿ ನಡೆಯುತ್ತಾನೆ. ಭಾನುವಾರದ ಆ ಹೆಸರನ್ನು ಅವನಿಂದ ಬಿಡಿಸಿದ್ದೇನೆ. ಇನ್ನು ಬಡಿಸುವ ಕೈಗಳಲ್ಲಿ ನನ್ನದೊಂದು ಕೇಳಿಕೆ. ಬರುವ ಎಳ್ಳ ಅಮಾವಾಸ್ಯೆಗೆ ನಿಮ್ಮ ಹೊಲಕ್ಕೆ ಬಂದ ಹುಡುಗನೋ ಹುಡುಗಿಯೋ “ಒಂದ ಸಾಕ್ರಿ” ಎಂದರೆ, ದಯವಿಟ್ಟು ಕಾರಣ ಕೇಳಬೇಡಿ. ಒಂದನ್ನೇ ಹಾಕಿ, ಎಣಗಾಯಿ ಪಲ್ಯ ಇನ್ನೊಂದು ಸೌಟು ಬಡಿಸಿ, ಪಕ್ಕದಲ್ಲಿ ಕೂತು ಮಾತಾಡಿಸಿ.